ಆರ್‌ಎಕ್ಸ್ ಕೊಳ್ಳುವುದೋ, ಕಟ್ಟಿಸುವುದೋ?

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಕಡಕೊಳದ ಬಳಿ ಟಿವಿಎಸ್ ಕಾರ್ಖಾನೆ ಇದೆ. ಹೊಸ ಗಾಡಿಗಳನ್ನು ತುಂಬಿಕೊಂಡ ಲಾರಿಗಳು ಆ ರಸ್ತೆಗೆ ಹೊಸದಲ್ಲ, ಅವನ್ನು ಯಾರೂ ನೋಡುವುದೂ ಇಲ್ಲ. ಅದೇ ರಸ್ತೆಯಲ್ಲಿ ಒಂದು ಯಮಹಾ ಆರ್‌ಎಕ್ಸ್ 100 ಹಾದುಹೋದರೆ ಟೀ ಅಂಗಡಿ ಮುಂದಿನ ಹುಡುಗರ ಕತ್ತು ಒಟ್ಟಿಗೆ ತಿರುಗುತ್ತದೆ. 1996ರಲ್ಲಿ ತಯಾರಿಕೆ ನಿಂತ ಬೈಕು ಅದು. ಕತ್ತು ತಿರುಗಿಸಿದವರಲ್ಲಿ ಹೆಚ್ಚಿನವರು ಆಗಿನ್ನೂ ಹುಟ್ಟಿರಲಿಲ್ಲ.

ನಮ್ಮ ಕಡೆ ಹಳೆಯ ಜಪಾನಿ ಬೈಕು ಅಂದರೆ ಹಡಗಿನಲ್ಲಿ ಬಂದದ್ದಲ್ಲ, ಜಪಾನಿನ ಕಂಪನಿಗಳ ಜೊತೆ ಸೇರಿ ಇಲ್ಲೇ ಕಟ್ಟಿದ್ದು. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ ಎಎಕ್ಸ್ 100 ಬಂತು. ಮರುವರ್ಷ ಹೀರೋ ಹೋಂಡಾ ಸಿಡಿ 100 ಬಂತು, ಎಸ್ಕಾರ್ಟ್ಸ್ ಕಂಪನಿಯ ಆರ್‌ಎಕ್ಸ್ 100 ಬಂತು. 1986ಕ್ಕೆ ಕವಾಸಾಕಿ ಬಜಾಜ್ ಕೆಬಿ 100. ಇವುಗಳಲ್ಲಿ ಹೋಂಡಾ, ಸುಜುಕಿಗಳು ಹಾಲಿನ ಕ್ಯಾನು, ಗೊಬ್ಬರದ ಮೂಟೆ ಹೊತ್ತು ಸವೆದು ಗುಜರಿಗೆ ಹೋದವು. ಆರ್‌ಎಕ್ಸ್ ಮಾತ್ರ ಬೇರೆಯೇ ಜಾತಿ. 98 ಸಿಸಿಯ ಎರಡು ಸ್ಟ್ರೋಕ್ ಎಂಜಿನ್, 11 ಅಶ್ವಶಕ್ತಿ, ಹೆಚ್ಚುಕಮ್ಮಿ ನೂರು ಕೆ.ಜಿ. ತೂಕ. ಆ ಶಕ್ತಿಗೆ ಆ ತೂಕ ಸಿಕ್ಕಿದ್ದರಿಂದಲೇ ಅದರ ಹೆಸರು ಉಳಿದಿರುವುದು.

ಇಂಥ ಗಾಡಿಗಳನ್ನು ಬಿಚ್ಚಿ ಮತ್ತೆ ಕಟ್ಟುವ ಕಸುಬಿಗೆ ಮೈಸೂರು ಸೀಮೆ ಹೇಳಿಮಾಡಿಸಿದ ಜಾಗ. 1961ರಿಂದ 1996ರವರೆಗೆ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಜಾವಾ, ಆಮೇಲೆ ಯೆಜ್ಡಿ, ಎರಡೂ ಎರಡು ಸ್ಟ್ರೋಕಿನ ಗಾಡಿಗಳೇ. ಮೂರು ದಶಕಕ್ಕೂ ಹೆಚ್ಚು ಕಾಲ ಊರೇ ಆ ಎಂಜಿನ್ನಿನ ಸದ್ದು ಕೇಳಿ ಬೆಳೆಯಿತು. ವಾಲ್ವಿಲ್ಲದ, ನೋಡಲು ಸರಳವಾದ, ಆದರೆ ಸಣ್ಣ ತಪ್ಪನ್ನೂ ಮನ್ನಿಸದ ಈ ಎಂಜಿನ್ನಿನ ಗುಣ ಬಲ್ಲ ಮೇಸ್ತ್ರಿಗಳು ನಂಜನಗೂಡು, ತಿ. ನರಸೀಪುರದಂಥ ತಾಲ್ಲೂಕು ಊರುಗಳಲ್ಲೂ ಸಿಗುವುದಕ್ಕೆ ಆ ಕಾರ್ಖಾನೆಯ ಋಣ ದೊಡ್ಡದು ಎಂದು ನನ್ನ ನಂಬಿಕೆ. ಲೇತ್ ಕೆಲಸಕ್ಕೂ ಪ್ಲೇಟಿಂಗಿಗೂ ಮೈಸೂರು ಹತ್ತಿರ. ಅಲ್ಲಿ ಸಿಗದ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ.

ಇನ್ನು ದುಡ್ಡಿನ ಮಾತು. ಓಡದೆ ಮೂಲೆಗೆ ಬಿದ್ದ ಆರ್‌ಎಕ್ಸ್‌ಗೂ ಇವತ್ತು ಮೂವತ್ತು, ನಲವತ್ತು ಸಾವಿರ ಕೇಳುತ್ತಾರೆ. ಪೂರ್ತಿ ಮಾಡಿಸಿ ಮಿರಮಿರ ಮಿಂಚುವ ಗಾಡಿಯಾದರೆ ಲಕ್ಷ ದಾಟುತ್ತದೆ. ನಡುವಿನ ಅರವತ್ತು ಸಾವಿರ ನೋಡಿದ ಹುಡುಗರು, ಹಳೇದನ್ನು ತಂದು ನಾವೇ ಕಟ್ಟಿಸೋಣ, ಅರ್ಧಕ್ಕರ್ಧ ಉಳಿಯುತ್ತೆ ಎಂದು ಹೊರಡುತ್ತಾರೆ. ಉಳಿಯುವುದು ಅಪರೂಪ. ಆ ಲೆಕ್ಕದಲ್ಲಿ ಎರಡು ಖರ್ಚು ಸೇರಿರುವುದಿಲ್ಲ. ಒಂದು ಕಾಗದದ್ದು, ಇನ್ನೊಂದು ಎಂಜಿನ್ನಿನ ಹೊಟ್ಟೆಯೊಳಗಿನದು.

ಕಾಗದವನ್ನೇ ಮೊದಲು ನೋಡಬೇಕು. ಖಾಸಗಿ ಬೈಕಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಊರ್ಜಿತ ಮಾಡಿಸಬೇಕು. 2022ರ ಏಪ್ರಿಲ್‌ವರೆಗೆ ಇದರ ಶುಲ್ಕ 300 ರೂಪಾಯಿ ಇತ್ತು, ಆಗ ಸಾವಿರವಾಯಿತು. 2025ರಲ್ಲಿ, 20 ವರ್ಷ ದಾಟಿದ ಬೈಕುಗಳಿಗೆ ಎರಡು ಸಾವಿರ ಮಾಡಿದರು. ಕಡೆಯ ಆರ್‌ಎಕ್ಸ್ 100 ಹೊರಬಂದೇ ಮೂವತ್ತು ವರ್ಷವಾಗುತ್ತ ಬಂದಿರುವುದರಿಂದ ಎಲ್ಲವೂ ಈ ದರಕ್ಕೇ ಸೇರುತ್ತವೆ. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. 2022ರಿಂದ ತಡಕ್ಕೆ ತಿಂಗಳಿಗೆ 300 ರೂಪಾಯಿಯ ಹೆಚ್ಚುವರಿ ಶುಲ್ಕವೂ ಬಂತು. ಮೂರು ವರ್ಷ ಮರೆತು ಬಿಟ್ಟ ಗಾಡಿಗೆ ಅದೊಂದೇ 10,800 ರೂಪಾಯಿ. ಹಸಿರು ತೆರಿಗೆ, ಇನ್ಶೂರೆನ್ಸು, ಹೊಗೆ ತಪಾಸಣೆ ಇವುಗಳ ಮೇಲೆ. ಬ್ರೋಕರ್ ಹೇಳುವ ‘ಪೇಪರ್ ಸ್ವಲ್ಪ ಇದೆ, ಮಾಡಿಸ್ಕೋಬಹುದು’ ಎಂಬ ಮಾತಿನ ಬೆಲೆ ಇಷ್ಟು. ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿಗೆ ಹೊಂದದ ಗಾಡಿಯನ್ನಂತೂ ಬಿಟ್ಟಿ ಕೊಟ್ಟರೂ ಮನೆಗೆ ತರಬಾರದು. ಅದಕ್ಕೆ ಸುರಿದ ದುಡ್ಡು ಹಿಂದಕ್ಕೆ ಬರುವ ದಾರಿಯೇ ಇಲ್ಲ.

ವಿಂಟೇಜ್ ಎಂದು ನೋಂದಾಯಿಸಿಬಿಟ್ಟರೆ ಪಾರಾಗಬಹುದು ಎಂಬ ಮಾತೂ ಓಡಾಡುತ್ತಿದೆ. 2021ರ ನಿಯಮದ ಪ್ರಕಾರ ಅದಕ್ಕೆ ಗಾಡಿಗೆ 50 ವರ್ಷ ತುಂಬಿರಬೇಕು. ಶುಲ್ಕ 20,000 ರೂಪಾಯಿ, ಮೇಲಾಗಿ ದಿನನಿತ್ಯ ಓಡಿಸುವಂತಿಲ್ಲ. ಅತಿ ಹಳೆಯ ಆರ್‌ಎಕ್ಸ್‌ಗೂ ಆ ವಯಸ್ಸು ಬರುವುದು 2035ಕ್ಕೆ.

ಎಂಜಿನ್ನಿಗೆ ಬರೋಣ. ಆರ್‌ಎಕ್ಸ್‌ನ ಬೋರು 50 ಮಿಲಿಮೀಟರ್. ಪಿಸ್ಟನ್ ಸವೆದಾಗ ಸಿಲಿಂಡರನ್ನು ಕಾಲು ಮಿಲಿಮೀಟರಿನಂತೆ ಹಿಗ್ಗಿಸಿ ದಪ್ಪ ಪಿಸ್ಟನ್ ಹಾಕುತ್ತ ಹೋಗಬಹುದು, ಒಂದು ಮಿಲಿಮೀಟರ್ ಆಗುವವರೆಗೆ. ನಾಲ್ಕು ಸಲ ಬೋರ್ ಆಗಿ ಮುಗಿದ ಸಿಲಿಂಡರಿಗೆ ಹೊಸ ಸ್ಲೀವ್ ಕೂರಿಸಬೇಕು, ಇಲ್ಲವೇ ಬೇರೆ ಸಿಲಿಂಡರ್ ಹುಡುಕಬೇಕು. ಹಾಗಾಗಿ ‘ಬೋರ್ ಮಾಡಿಸಿದ್ದೀನಿ’ ಎಂದು ಮಾರುವವರು ಹೆಮ್ಮೆಯಿಂದ ಹೇಳಿದಾಗ ‘ಎಷ್ಟನೇ ಸಲ?’ ಎಂದು ಕೇಳುವುದು ಕೊಳ್ಳುವವರ ಹಕ್ಕು.

ಅದಕ್ಕಿಂತ ನಾಜೂಕಿನದು ಕ್ರ್ಯಾಂಕ್. ಎರಡು ಚಕ್ರಗಳ ನಡುವೆ ಪಿನ್ನನ್ನು ಒತ್ತಿ ಕೂರಿಸಿದ ರಚನೆ ಅದು. ಕನೆಕ್ಟಿಂಗ್ ರಾಡ್ ಬದಲಿಸಬೇಕೆಂದರೆ ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಒತ್ತಿ, ಡಯಲ್ ಗೇಜ್ ಇಟ್ಟು ತಿರುಗಿಸುತ್ತ, ತಾಮ್ರದ ಸುತ್ತಿಗೆಯಿಂದ ತಟ್ಟಿತಟ್ಟಿ ಓಟ ನೇರ ಮಾಡಬೇಕು. ಕೂದಲೆಳೆಯಷ್ಟು ಓರೆ ಉಳಿದರೂ ಬೇರಿಂಗ್ ಬೇಗ ಕೂಗುತ್ತದೆ. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳದ್ದು ಇನ್ನೊಂದು ಕಥೆ. ನಾಲ್ಕು ಸ್ಟ್ರೋಕಿನ ಗಾಡಿಯಲ್ಲಿ ಸೀಲ್ ಹೋದರೆ ಎಣ್ಣೆ ಸೋರುತ್ತದೆ, ಅಷ್ಟೆ. ಇಲ್ಲಿ ಕ್ರ್ಯಾಂಕ್ ಕೋಣೆಯೇ ಉಸಿರಾಡುವ ಜಾಗ. ಮ್ಯಾಗ್ನೆಟ್ ಕಡೆಯ ಸೀಲ್ ಸಡಿಲವಾದರೆ ಹೊರಗಿನ ಗಾಳಿ ಒಳನುಗ್ಗಿ ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ತಾನಾಗಿ ಅರಚುತ್ತದೆ, ಒಂದು ದಿನ ಪಿಸ್ಟನ್ ಹಿಡಿದು ಹಿಂದಿನ ಚಕ್ರ ಲಾಕ್ ಆಗುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ಲನ್ನೇ ಎಳೆದು ಸುಟ್ಟು ಬಿಳಿ ಹೊಗೆ ಬಿಡುತ್ತದೆ. ಸೀಲಿನ ಬೆಲೆ ಏನೂ ಅಲ್ಲ. ಅದನ್ನು ಬದಲಿಸಲು ಪೂರ್ತಿ ಎಂಜಿನ್ ಬಿಚ್ಚಬೇಕಾದೀತು, ದುಡ್ಡು ಹೋಗುವುದು ಅಲ್ಲಿ.

ಮಾಡಿಸಿದ ಗಾಡಿ ಕೊಳ್ಳುವಾಗ ನಾವು ದುಡ್ಡು ಕೊಡುವುದು ಕಣ್ಣಿಗೆ ಕಾಣುವುದಕ್ಕೆ: ಟ್ಯಾಂಕಿನ ಬಣ್ಣ, ಕ್ರೋಮ್ ಮಡ್‌ಗಾರ್ಡು, ಸ್ಟಿಕ್ಕರು. ಕಟ್ಟಿಸುವಾಗ ಕೊಡುವುದು ಕಾಣದ್ದಕ್ಕೆ. ಹಾಗಾಗಿ ಎರಡೂ ದಾರಿಗೆ ಒಂದೇ ಮೊತ್ತ ಬಿದ್ದರೂ ಕೈಗೆ ಸಿಗುವ ಗಾಡಿ ಒಂದೇ ಅಲ್ಲ. ಕ್ರ್ಯಾಂಕ್ ಕೆಲಸ ಮಾಡಿದ ಮೇಸ್ತ್ರಿಯನ್ನೇ ಕಂಡು ಮಾತಾಡಲು ಸಾಧ್ಯವಿದ್ದರೆ, ಬದಲಿಸಿದ ಹಳೆಯ ಭಾಗಗಳನ್ನು ತೋರಿಸಿದರೆ, ಮಾಡಿಸಿದ ಗಾಡಿಗೆ ಹೆಚ್ಚು ಕೊಟ್ಟೇ ಕೊಳ್ಳುವುದು ಲಾಭ. ಅವೆರಡೂ ಇಲ್ಲದ ಮಿಂಚಿಗೆ ಲಕ್ಷ ಕೊಡುವುದನ್ನು ನಾನು ಒಪ್ಪಲಾರೆ.

ಬಿಡಿಭಾಗಗಳ ವಿಷಯದಲ್ಲಿ ಹಣ ಕರಗುವ ಬಗೆ ಇನ್ನೊಂದು ಥರ. ಕಾಪಿ ಸಾಮಾನು ಬೇಕಾದಷ್ಟಿದೆ, ಅಗ್ಗವೂ ಹೌದು. ಆದರೆ ಆರಂಭದ ಗಾಡಿಗಳಲ್ಲಿ ‘ಮೇಡ್ ಇನ್ ಜಪಾನ್’ ಎಂದು ಅಚ್ಚಾದ ಭಾಗಗಳಿರುತ್ತಿದ್ದವು, ಅವಕ್ಕೆ ಬಿದ್ದಿರುವ ಬೆಲೆ ಚಿನ್ನದ ಅಂಗಡಿಯ ಬೆಲೆ. ನನ್ನ ಮಾತು ಕೇಳುವುದಾದರೆ ಸಿಲಿಂಡರ್, ಕಾರ್ಬುರೇಟರ್, ಸೈಲೆನ್ಸರ್ ಅಸಲಿ ಇರಲಿ. ಇಂಡಿಕೇಟರು, ಕನ್ನಡಿ, ಸೀರೆ ಗಾರ್ಡು ಕಾಪಿಯಾದರೆ ನಷ್ಟವಿಲ್ಲ. ಕಾರ್ಬನ್ ಕಟ್ಟಿದ ಅಸಲಿ ಸೈಲೆನ್ಸರನ್ನು ಎಸೆಯದೆ ಸ್ವಚ್ಛ ಮಾಡಿಸಿದರೆ ಗಾಡಿಯ ಎಳೆತವೂ ಮರಳುತ್ತದೆ, ಊರ ನಿದ್ದೆಯೂ ಕೆಡುವುದಿಲ್ಲ.

ಈ ಸೀಮೆಯವರು ನೋಡಲೇಬೇಕಾದ್ದು ನೀರಿನ ಗುರುತು. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯೇ ಮುಳುಗಿತ್ತು, ನಂಜನಗೂಡಿನ ತಗ್ಗಿನ ಬೀದಿಗಳಿಗೆ ನೀರು ನುಗ್ಗಿತ್ತು. ಕಾವೇರಿ, ಕಪಿಲೆ ಕೂಡುವ ತಿ. ನರಸೀಪುರಕ್ಕೂ ಆ ಭಯ ತಪ್ಪಿದ್ದಲ್ಲ. ನೀರಲ್ಲಿ ನಿಂತ ಗಾಡಿಗೆ ಹೊರಗೆ ಬಣ್ಣ ಹೊಡೆದರೂ ಒಳಗೆ ಬೇರಿಂಗ್ ತುಕ್ಕು ಹಿಡಿದಿರುತ್ತದೆ. ಹೆಡ್‌ಲೈಟ್ ಡೋಮ್ ಬಿಚ್ಚಿ ವೈರಿಂಗ್ ನಡುವೆ ಒಣಗಿದ ಮಣ್ಣು ಇದೆಯೇ ನೋಡಿ. ಟ್ಯಾಂಕಿನೊಳಗೆ ಟಾರ್ಚ್ ಬಿಡಿ.

ಅಂದಹಾಗೆ, ರಾಜದೂತ್ 350ರ ಆಸೆ ಇರುವವರಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ಎಸ್ಕಾರ್ಟ್ಸ್ 1983ರಲ್ಲಿ ತಂದ ಯಮಹಾ ಆರ್‌ಡಿ 350 ಅದು. ಎರಡು ಸಿಲಿಂಡರು, ಆರು ಗೇರು. ಪೆಟ್ರೋಲ್ ಕುಡಿಯುತ್ತದೆಂದು ಆಗ ಕೊಳ್ಳುವವರಿರಲಿಲ್ಲ, ಈಗ ಹಲವು ಲಕ್ಷ ಕೊಡುತ್ತೇವೆಂದರೂ ಸಿಗುವುದಿಲ್ಲ. ಅದನ್ನು ಕಟ್ಟಿಸುವುದು ಖರ್ಚಿನ ಲೆಕ್ಕ ನೋಡುವವರ ಕೆಲಸವಲ್ಲ.

ಕಟ್ಟಿಸುವುದೇ ಸರಿ ಎಂದು ಕಣ್ಣುಮುಚ್ಚಿ ಹೇಳಬಹುದಾದ ಸಂದರ್ಭ ಒಂದಿದೆ: ಅಪ್ಪನ ಗಾಡಿ ಮನೆಯಲ್ಲೇ ಇದ್ದರೆ. ನಲವತ್ತು ಸಾವಿರದ ಮೊದಲ ಖರ್ಚೇ ಅಲ್ಲಿಲ್ಲ, ಗಾಡಿಯ ಚರಿತ್ರೆ ಪೂರ್ತಿ ಗೊತ್ತು. ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲಿನ ಕೆಳಗೆ ನಿಂತ ಇಂಥ ಎಷ್ಟೋ ಗಾಡಿಗಳು ಕೆ.ಜಿ. ಲೆಕ್ಕದಲ್ಲಿ ಹೋಗಿಬಿಡುವುದು ನಿಜಕ್ಕೂ ಸಂಕಟದ ಸಂಗತಿ. ಅಪ್ಪ ತೀರಿಕೊಂಡಿದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಅಣ್ಣತಮ್ಮಂದಿರು, ಅಕ್ಕತಂಗಿಯರ ಒಪ್ಪಿಗೆ ಪತ್ರವನ್ನು ಎಲ್ಲರೂ ಸೇರಿದ ಹಬ್ಬದ ದಿನವೇ ಬರೆಸಿಕೊಳ್ಳುವುದು ಜಾಣತನ. ಆರ್‌ಸಿ ಊರ್ಜಿತಕ್ಕೆ ಫಾರಂ 25.

ಕಾಗದ ಆದ ಮೇಲೆ ಕ್ರ್ಯಾಂಕ್, ಸೀಲು, ಬೋರು. ಆಮೇಲೆ ಬ್ರೇಕು, ವೈರಿಂಗು, ಟೈರು. ಬಣ್ಣಕ್ಕೆ ಕೈಹಾಕುವುದು ಕಟ್ಟಕಡೆಗೆ, ದುಡ್ಡು ಉಳಿದಿದ್ದರೆ ಮಾತ್ರ. ಮೇಸ್ತ್ರಿಯ ಕೂಲಿಯಲ್ಲಿ ಚೌಕಾಸಿ ಬೇಡ. ಬಣ್ಣದವನಿಗೆ ಕೇಳಿದಷ್ಟು ಕೊಟ್ಟು, ಡಯಲ್ ಗೇಜ್ ಹಿಡಿದು ಗಂಟೆಗಟ್ಟಲೆ ಕೂತವನ ಹತ್ತಿರ ಐನೂರಕ್ಕೆ ಜಗ್ಗಾಡುವುದು ಈ ಕಸುಬಿಗೇ ಕೊಡಲಿ ಪೆಟ್ಟು. ಹೊಸ ಬೋರಿನ ಗಾಡಿಯನ್ನು ಮೊದಲ ಐನೂರು ಕಿಲೋಮೀಟರ್ ಎಳೆಯದೆ, ಒಂದೇ ವೇಗದಲ್ಲಿ ತುಂಬಾ ಹೊತ್ತು ಓಡಿಸದೆ, ನಡುನಡುವೆ ಆರಲು ಬಿಟ್ಟು ಓಡಿಸಬೇಕು. ಅದಕ್ಕೆ ನಂಜನಗೂಡಿನಿಂದ ಸುತ್ತೂರಿನ ಮೇಲೆ ತಿ. ನರಸೀಪುರಕ್ಕೆ ಹೋಗುವ ದಾರಿ ಚೆನ್ನಾಗಿದೆ.