ಮರದ ಪೆನ್ನಿಗೆ ಎಂಥ ಮುಚ್ಚಳ?

ಲೇತಿನಲ್ಲಿ ಕಡೆದ ಮರದ ಪೆನ್ನೊಂದನ್ನು ಯಾರ ಕೈಗೆ ಕೊಟ್ಟರೂ ಮೊದಲು ಬರುವ ಪ್ರಶ್ನೆ ಒಂದೇ: ‘ಇದು ಯಾವ ಮರ?’ ಬೀಟೆ, ಹಲಸು, ತೇಗ ಎಂದೇನೋ ಉತ್ತರ ಸಿಕ್ಕಿತೆಂದರೆ ಕುತೂಹಲ ಅಲ್ಲಿಗೆ ತಣಿಯಿತು. ಕ್ಲಿಪ್ಪು, ಮುಚ್ಚಳದ ನೆತ್ತಿ, ಹಿಂತುದಿಯ ಲೋಹದ ಬಗ್ಗೆ ಕೇಳುವವರಿಲ್ಲ. ಆದರೆ ಆ ಪೆನ್ನು ವರ್ಷದ ನಂತರವೂ ಜೇಬಿನಲ್ಲೇ ಉಳಿಯುತ್ತದೆಯೋ, ಡ್ರಾಯರಿನ ಮೂಲೆ ಸೇರುತ್ತದೆಯೋ ಎಂಬುದು ನಿಂತಿರುವುದು ಆ ಲೋಹದ ಮೇಲೆಯೇ.

ಕಿಟ್ ತಂದು ಪೆನ್ನು ಮಾಡುವ ಹವ್ಯಾಸ ಬೆಳೆದದ್ದು ಅಮೆರಿಕ, ಬ್ರಿಟನ್ನಿನ ಮನೆ ಹಿಂದಿನ ಶೆಡ್ಡುಗಳಲ್ಲಿ. ಬಿಡಿಭಾಗಗಳು ಹೆಚ್ಚಾಗಿ ತೈವಾನ್, ಚೀನಾಗಳಿಂದ ಬರುತ್ತವೆ. ಒಂದು ಸಣ್ಣ ಪ್ಲಾಸ್ಟಿಕ್ ಚೀಲ. ಒಳಗೆ ಒಂದೋ ಎರಡೋ ಹಿತ್ತಾಳೆ ಕೊಳವೆ, ಮೊನೆ, ನಡುಪಟ್ಟಿ, ಕ್ಲಿಪ್ಪು, ನೆತ್ತಿಯ ಬಿಲ್ಲೆ, ರೀಫಿಲ್. ಮರದ ತುಂಡಿಗೆ ಉದ್ದಕ್ಕೆ ತೂತು ಕೊರೆದು, ಕೊಳವೆ ಅಂಟಿಸಿ, ಲೇತಿಗೆ ಏರಿಸಿ ಕಡೆದು, ಉಳಿದದ್ದನ್ನೆಲ್ಲ ಒತ್ತಿ ಕೂರಿಸಿದರೆ ಪೆನ್ನು ಸಿದ್ಧ. ರಾಜಮಂಡ್ರಿಯ ರತ್ನಂ ಪೆನ್ನಿನವರು 1930ರ ದಶಕದಿಂದ ಎಬೊನೈಟ್ ಸರಳನ್ನು ಕಡೆದು, ಮುಚ್ಚಳಕ್ಕೂ ತಾವೇ ತಿರುಪು ಹಾಕುವ ವಿದ್ಯೆಯೇ ಬೇರೆ. ಕಿಟ್ಟಿನಲ್ಲಿ ಮರವಷ್ಟೇ ನಿಮ್ಮದು, ಮಿಕ್ಕಿದ್ದು ಕಾರ್ಖಾನೆಯದು. ಅದನ್ನು ಆರಿಸುವುದೂ ಕಸುಬಿನ ಭಾಗವೇ.

ಪೆನ್ನಿನ ಮೈಕಟ್ಟನ್ನು ಗೊತ್ತು ಮಾಡುವುದೂ ಈ ಲೋಹವೇ. ಕಡೆಯುವಾಗ ಮರದ ಎರಡೂ ಬದಿಗೆ ಉಕ್ಕಿನ ಬುಶ್ ಇರುತ್ತದೆ. ಅದರ ದಪ್ಪ ಆ ಕಿಟ್ಟಿನ ಉಂಗುರ, ಪಟ್ಟಿಗಳ ದಪ್ಪಕ್ಕೆ ಸರಿಸಮ. ಮರವನ್ನು ಆ ಮಟ್ಟಕ್ಕೆ ಇಳಿಸಬೇಕು. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೂ ಮರ ಮುಗಿದು ಲೋಹ ಶುರುವಾಗುವ ಕಡೆ ಬೆರಳಿಗೆ ಮೆಟ್ಟಿಲು ತಾಗುತ್ತದೆ. ಸ್ಯಾಂಡ್‌ಪೇಪರ್ ತಿಂದು ತಿಂದು ಬುಶ್ ಕೂಡ ಸವೆಯುವುದರಿಂದ, ಪಳಗಿದವರು ಅದನ್ನು ನಂಬದೆ ಕಿಟ್ಟಿನ ಉಂಗುರಕ್ಕೇ ಕ್ಯಾಲಿಪರ್ ಹಿಡಿಯುತ್ತಾರೆ. ಸ್ಲಿಮ್‌ಲೈನ್ ಎಂಬ ತೆಳ್ಳನೆಯ ಮಾದರಿಯಲ್ಲಿ 7 ಮಿ.ಮೀ. ಕೊಳವೆ, ತುದಿಗಳಲ್ಲಿ ಅದರ ಮೇಲೆ ಉಳಿಯುವ ಮರ ಒಂದು ಮಿಲಿಮೀಟರೂ ಇರುವುದಿಲ್ಲ. ಸಿಗಾರ್ ಮಾದರಿಗೆ 10 ಮಿ.ಮೀ. ಕೊರೆತ, ದಪ್ಪ ಉಂಗುರಗಳಿಂದಾಗಿ ಮರಕ್ಕೂ ಹರವು ಸಿಗುತ್ತದೆ. ಗೆರೆ ಎದ್ದು ಕಾಣುವ ಮರವಿದ್ದರೆ ಇದೇ ಸರಿ.

ಲೇಪದ ವಿಷಯಕ್ಕೆ ಬಂದರೆ, ಹೊಸಬರೆಲ್ಲ ಮುಗ್ಗರಿಸುವುದು ಬಂಗಾರದಲ್ಲಿ. ‘24 ಕ್ಯಾರೆಟ್’ ಎಂಬ ಚೀಟಿ ಕಂಡರೆ ಯಾರಿಗೆ ಆಸೆಯಾಗದು? ಕಿಟ್ಟುಗಳಲ್ಲಿ ಅಗ್ಗದ್ದು ಅದೇ! ಅಪರಂಜಿ ಮೆದು ಲೋಹ, ಲೇಪವೂ ತೀರ ತೆಳು. ಬೆರಳು ಹಿಡಿಯುವ ಮೊನೆಯಲ್ಲಿ, ಬಟ್ಟೆಗೆ ಉಜ್ಜುವ ಕ್ಲಿಪ್ಪಿನಲ್ಲಿ ಮೊದಲು ಸವೆದು ಒಳಗಿನ ಬಣ್ಣ ಇಣುಕುತ್ತದೆ. ಹೊಂಬಣ್ಣವೇ ಬೇಕೆಂದರೆ ಟೈಟಾನಿಯಂ ನೈಟ್ರೈಡ್ ಲೇಪವಿದೆ. ಡ್ರಿಲ್ ಬಿಟ್ಟುಗಳ ಮೇಲೆ ಮಿನುಗುವ ಹಳದಿ ಅದೇ. ರೋಡಿಯಂ ಬಿಳುಪು, ಗಟ್ಟಿ, ದುಬಾರಿ. ಕ್ರೋಮಿಗೆ ಅಂಥ ಠೀವಿ ಇಲ್ಲ, ಆದರೆ ಬಾಳಿಕೆಗೆ ಮೋಸವಿಲ್ಲ. ಬೀಟೆಯಂಥ ಕಪ್ಪು ಮರಕ್ಕೆ ಹೊಂಬಣ್ಣ, ತಿಳಿ ಮರಕ್ಕೆ ಕ್ರೋಮ್ ಅಥವಾ ಕಪ್ಪು ಲೇಪ ಎಂಬ ರೂಢಿಯಿದೆ. ನನಗಂತೂ ಬೀಟೆಯ ಮೇಲೆ ಹೊಳೆಯುವ ಬಂಗಾರ ಸನ್ಮಾನ ಸಮಾರಂಭದ ಪೆನ್ನನ್ನೇ ನೆನಪಿಸುತ್ತದೆ.

ಫೌಂಟನ್ ಪೆನ್ನಿನ ಕಿಟ್ಟಾದರೆ ಹಿಂತುದಿಯನ್ನೂ ನೋಡಬೇಕು. ಕೆಲವಕ್ಕೆ ಅಲ್ಲಿ ತಿರುಪು ಇರುತ್ತದೆ, ಬರೆಯುವಾಗ ಮುಚ್ಚಳವನ್ನು ಹಿಂದಕ್ಕೆ ತಿರುಗಿಸಿ ಕೂರಿಸಬಹುದು. ಕೇಳಲು ಅನುಕೂಲವೇ. ಆದರೆ ಮುಚ್ಚಳದಲ್ಲಿ ಹಿತ್ತಾಳೆ ಕೊಳವೆ, ಪಟ್ಟಿ, ಕ್ಲಿಪ್ಪು ಎಲ್ಲ ಸೇರಿ ಪೆನ್ನಿನ ಭಾರ ಹಿಂದಕ್ಕೆ ಜಗ್ಗುತ್ತದೆ. ಒಂದು ಪುಟ ಬರೆಯುವಷ್ಟರಲ್ಲಿ ಮಣಿಕಟ್ಟಿಗೆ ಅದು ಗೊತ್ತಾಗುತ್ತದೆ. ಮುಚ್ಚಳ ಮೇಜಿನ ಮೇಲಿಟ್ಟು ಬರೆಯುವವರಿಗೆ ತಿರುಪಿಲ್ಲದ ನುಣುಪು ತುದಿಯೇ ಚೆನ್ನ, ನೋಡಲೂ ಚೊಕ್ಕ.

ಕ್ಲಿಪ್ಪಿನದು ಜೇಬಿನ ಪ್ರಶ್ನೆ. ಬಿಗಿಯಾದದ್ದು ತೆಳು ಹತ್ತಿಯ ಅಂಗಿಯನ್ನು ಹರಿಯುತ್ತದೆ, ಸಡಿಲವಾದದ್ದು ಬಗ್ಗಿದಾಗ ಪೆನ್ನನ್ನೇ ಕೆಡವುತ್ತದೆ. ಕೊಳ್ಳುವ ಮುಂಚೆ ಬೆರಳಲ್ಲಿ ಎತ್ತಿ ಬಿಟ್ಟು ನೋಡಬೇಕು. ಅದನ್ನು ಕೂರಿಸುವಾಗ ಮರದ ಮಚ್ಚೆಯೋ ಬಿರುಕೋ ಇರುವ ಭಾಗವನ್ನು ಕೆಳಗೆ ತಂದರೆ ಕ್ಲಿಪ್ಪು ಅದನ್ನು ಮುಚ್ಚಿಕೊಳ್ಳುತ್ತದೆ. ಒತ್ತಿದ ಮೇಲೆ ಮನಸ್ಸು ಬದಲಾದರೆ ಕಷ್ಟ. ಬಿಚ್ಚಲು ಹೋದರೆ ಮರ ಸೀಳುವುದೇ ಹೆಚ್ಚು.

ಲೋಹದ ನೆತ್ತಿ ಬೇಡವೆನ್ನುವವರಿಗೆ ಮರದಲ್ಲೇ ಪುಟ್ಟ ಗುಬುಟು ಕಡೆದು ಕೂರಿಸುವ ದಾರಿಯಿದೆ. ಚನ್ನಪಟ್ಟಣದ ಗೊಂಬೆಗಳ ಹಾಲೆಮರ ಇದಕ್ಕೆ ಹೇಳಿ ಮಾಡಿಸಿದಂತಿದೆ: ಬೆಳ್ಳಗೆ, ಒತ್ತಾದ ಎಳೆ, ಉಳಿಗೆ ಸುಲಭ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಬಣ್ಣ ಹಿಡಿಯುತ್ತದೆ. ಆದರೆ ಅರಗು ಮದ್ಯಸಾರಕ್ಕೆ ಕರಗುವ ವಸ್ತು. ಸ್ಯಾನಿಟೈಸರ್ ಹಚ್ಚಿದ ಕೈ ತಾಗಿದರೆ ಹೊಳಪು ಕೆಡುತ್ತದೆ. ನೆತ್ತಿಗೆ ಸರಿ, ಬೆರಳು ಹಿಡಿಯುವ ಜಾಗಕ್ಕೆ ಬೇಡ.

ಮೊದಲ ಪೆನ್ನು ಮಾಡುವವರು ರೀಫಿಲ್ ನೋಡಿ ಕಿಟ್ ಆರಿಸುವುದು ಒಳ್ಳೆಯದು. ಸ್ಲಿಮ್‌ಲೈನಿಗೆ ಕ್ರಾಸ್ ಮಾದರಿಯ ತೆಳು ರೀಫಿಲ್ ಬೇಕು, ಅದನ್ನು ಹುಡುಕಬೇಕಾಗುತ್ತದೆ. ಸಿಗಾರ್ ಮಾದರಿಗೆ ಬೇಕಾದ ಪಾರ್ಕರ್ ರೀಫಿಲ್ ನಮ್ಮ ಬಹುತೇಕ ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತದೆ. ಕ್ರೋಮ್ ಲೇಪದ ಸಿಗಾರ್ ಕಿಟ್ ತನ್ನಿ, ಮರ ಹಲಸಿನದಿರಲಿ. ಬೀಟೆಯನ್ನು ಕೈ ಪಳಗಿದ ಮೇಲೆ ಮುಟ್ಟಿದರಾಯಿತು.