ತನ್ನನ್ನು ತಾನೇ ತಿದ್ದಿಕೊಳ್ಳುವ ಯಂತ್ರ

ರೇಡಿಯೋ ನಿಯಂತ್ರಿತ ಆಟಿಕೆಯ ಕಾರು ಮೈದಾನದಲ್ಲಿ ಓಡುವುದನ್ನು ಹಲವರು ನೋಡಿರಬಹುದು. ದೂರದಲ್ಲಿ ನಿಂತವನು ತನ್ನ ಕೈಯಲ್ಲಿರುವ ಪೆಟ್ಟಿಗೆಯ ಹಿಡಿಕೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿದರೆ ಕಾರಿನ ಮುಂದಿನ ಗಾಲಿಗಳೂ ಸ್ವಲ್ಪವೇ ಎಡಕ್ಕೆ ಹೊರಳುತ್ತವೆ. ಪೂರ್ತಿ ವಾಲಿಸಿದರೆ ಪೂರ್ತಿ ಹೊರಳುತ್ತವೆ, ಕೈಬಿಟ್ಟರೆ ನೇರವಾಗುತ್ತವೆ. ಇದು ಮೇಲುನೋಟಕ್ಕೆ ಸಹಜವೆನಿಸುತ್ತದೆ. ಆದರೆ ಸಾಮಾನ್ಯ ವಿದ್ಯುತ್ ಮೋಟಾರಿಗೆ ‘ಸ್ವಲ್ಪ’ ಎಂಬ ಮಾತಿನ ಅರ್ಥವೇ ತಿಳಿಯದು. ವಿದ್ಯುತ್ತು ಹರಿಯುವವರೆಗೆ ಅದು ಸುತ್ತುತ್ತಲೇ ಇರುತ್ತದೆ. ಹೇಳಿದಷ್ಟು ಮಾತ್ರ ತಿರುಗಿ ಅಲ್ಲಿಯೇ ನಿಲ್ಲುವ ಸಾಮರ್ಥ್ಯವನ್ನು ಆ ಪುಟ್ಟ ಕಾರಿಗೆ ಒದಗಿಸಿರುವುದು ‘ಸರ್ವೋ’ ಎಂಬ ಉಪಕರಣ.

ಸರ್ವೋ ಎಂಬುದು ‘ಸೇವಕ’ ಎಂಬ ಅರ್ಥವುಳ್ಳ ಲ್ಯಾಟಿನ್ ಪದದಿಂದ ಬಂದ ಹೆಸರು. ಇದರ ಹುಟ್ಟು ಆಟಿಕೆಗಳಲ್ಲಿ ಆದುದಲ್ಲ, ಹಡಗುಗಳಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಹಡಗುಗಳು ಬೃಹದಾಕಾರವನ್ನು ತಳೆದಾಗ ಚುಕ್ಕಾಣಿಯನ್ನು ತಿರುಗಿಸಲು ನಾವಿಕರ ತೋಳ್ಬಲ ಸಾಲದಾಯಿತು. 1860ರ ದಶಕದಲ್ಲಿ ‘ಗ್ರೇಟ್ ಈಸ್ಟರ್ನ್’ ಎಂಬ ಭಾರಿ ಹಡಗಿಗೆ ಮ್ಯಾಕ್‌ಫರ್ಲೇನ್ ಗ್ರೇ ಎಂಬ ಎಂಜಿನಿಯರ್ ರೂಪಿಸಿದ ಉಗಿಯ ಚುಕ್ಕಾಣಿ ಯಂತ್ರವನ್ನು ಅಳವಡಿಸಲಾಯಿತು. ನಾವಿಕನು ಚಕ್ರವನ್ನು ತಿರುಗಿಸಿದಾಗ ಉಗಿಯ ಕವಾಟ ತೆರೆಯುತ್ತಿತ್ತು. ಚುಕ್ಕಾಣಿಯು ಬೇಕಾದ ಸ್ಥಾನವನ್ನು ತಲುಪುತ್ತಿದ್ದಂತೆ ಯಂತ್ರದ ಚಲನೆಯೇ ಆ ಕವಾಟವನ್ನು ಮುಚ್ಚುತ್ತಿತ್ತು. ಫ್ರಾನ್ಸಿನ ಜೋಸೆಫ್ ಫಾರ್ಕೊ 1873ರಲ್ಲಿ ಇಂತಹ ಯಂತ್ರಗಳ ಬಗ್ಗೆ ಗ್ರಂಥವೊಂದನ್ನು ಪ್ರಕಟಿಸಿ, ಅವುಗಳನ್ನು ‘ಸರ್ವೋ ಮೋಟಾರ್’ ಎಂದು ಕರೆದನು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕ್ ನಗರದಲ್ಲಿ ಪುಟ್ಟ ದೋಣಿಯೊಂದನ್ನು ರೇಡಿಯೋ ತರಂಗಗಳಿಂದ ನಡೆಸಿ, ತಂತಿಯ ಸಂಪರ್ಕವಿಲ್ಲದೆಯೂ ಚುಕ್ಕಾಣಿಯನ್ನು ತಿರುಗಿಸಬಹುದೆಂದು ತೋರಿಸಿದನು. ಈ ಎರಡು ಸಾಧನೆಗಳೂ ಇಂದಿನ ಆಟಿಕೆಯ ಕಾರಿನಲ್ಲಿ ಒಂದುಗೂಡಿವೆ.

ಬೆಂಕಿಪೊಟ್ಟಣಕ್ಕಿಂತ ಅಷ್ಟೇನೂ ದೊಡ್ಡದಲ್ಲದ ಸರ್ವೋವಿನೊಳಗೆ ನಾಲ್ಕು ಮುಖ್ಯ ಭಾಗಗಳಿವೆ. ಮೊದಲನೆಯದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಪುಟ್ಟ ಮೋಟಾರು. ಎರಡನೆಯದು ಆ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಹಲ್ಲುಚಕ್ರಗಳ ಸಾಲು. ಮೂರನೆಯದು ಹೊರದಂಡದೊಡನೆ ತಿರುಗುವ ಪೊಟೆನ್ಷಿಯೋಮೀಟರ್. ರೇಡಿಯೋವಿನ ಧ್ವನಿಯನ್ನು ಹೆಚ್ಚುಕಡಿಮೆ ಮಾಡುವ ಗುಂಡಿಯ ಹಿಂದೆ ಇರುವುದೂ ಇಂತಹದೇ ಸಾಧನ. ದಂಡವು ಎಷ್ಟು ತಿರುಗಿದೆ ಎಂಬುದನ್ನು ಇದು ವಿದ್ಯುತ್ತಿನ ಭಾಷೆಯಲ್ಲಿ ತಿಳಿಸುತ್ತದೆ. ನಾಲ್ಕನೆಯದು ಹೋಲಿಕೆ ಮಾಡುವ ವಿದ್ಯುನ್ಮಂಡಲ.

ಗ್ರಾಹಕದಿಂದ ಸರ್ವೋವಿಗೆ ಸೆಕೆಂಡಿಗೆ ಸುಮಾರು 50 ಬಾರಿ ವಿದ್ಯುತ್ ಸ್ಪಂದಗಳು ಬರುತ್ತವೆ. ಸ್ಪಂದದ ಅವಧಿ 1.5 ಮಿಲಿಸೆಕೆಂಡು ಇದ್ದರೆ ದಂಡವು ನಡುವಿನಲ್ಲಿ ನಿಲ್ಲಬೇಕೆಂದು ಅರ್ಥ. ಅವಧಿ 1 ಮಿಲಿಸೆಕೆಂಡಿನತ್ತ ಇಳಿದರೆ ಒಂದು ಬದಿಗೆ, 2 ಮಿಲಿಸೆಕೆಂಡಿನತ್ತ ಏರಿದರೆ ಇನ್ನೊಂದು ಬದಿಗೆ ತಿರುಗಬೇಕು. ‘ಎಲ್ಲಿರಬೇಕು’ ಎಂಬ ಈ ಆಜ್ಞೆಯನ್ನು, ‘ಎಲ್ಲಿದ್ದೇನೆ’ ಎಂದು ಪೊಟೆನ್ಷಿಯೋಮೀಟರ್ ತಿಳಿಸುವ ಸ್ಥಿತಿಯೊಡನೆ ವಿದ್ಯುನ್ಮಂಡಲವು ಹೋಲಿಸುತ್ತದೆ. ವ್ಯತ್ಯಾಸವಿರುವವರೆಗೆ ಅದನ್ನು ಕಡಿಮೆ ಮಾಡುವ ದಿಕ್ಕಿನಲ್ಲಿ ಮೋಟಾರನ್ನು ನಡೆಸುತ್ತದೆ. ವ್ಯತ್ಯಾಸ ಅಳಿದಾಗ ನಿಲ್ಲಿಸುತ್ತದೆ. ಕಲ್ಲೊಂದು ಗಾಲಿಯನ್ನು ಪಕ್ಕಕ್ಕೆ ತಳ್ಳಿದರೆ ಮತ್ತೆ ವ್ಯತ್ಯಾಸ ಹುಟ್ಟಿ, ಮೋಟಾರು ಗಾಲಿಯನ್ನು ಮೊದಲಿನ ಸ್ಥಾನಕ್ಕೆ ತರುತ್ತದೆ. ಫಲಿತಾಂಶದ ಸುದ್ದಿ ಹೀಗೆ ಹಿಂದಿರುಗಿ ಬಂದು ಕಾರ್ಯವನ್ನು ತಿದ್ದುವುದಕ್ಕೆ ಹಿಮ್ಮಾಹಿತಿ ಎಂದು ಹೆಸರು.

ಈ ತತ್ತ್ವವನ್ನು ಅರಿತವರಿಗೆ ಸರ್ವೋವಿನ ದೋಷಗಳನ್ನು ಕಂಡುಹಿಡಿಯುವುದು ಕಷ್ಟವಲ್ಲ. ಗಾಲಿಗಳು ಹೊರಳದಿದ್ದರೆ ಕೂಡಲೇ ಸರ್ವೋವನ್ನು ಬಿಚ್ಚಬೇಕಾಗಿಲ್ಲ. ಬ್ಯಾಟರಿಯ ಶಕ್ತಿ, ಗ್ರಾಹಕದ ಆಜ್ಞೆ, ಸರ್ವೋ, ಗಾಲಿಗೆ ಜೋಡಿಸಿದ ಸರಳುಗಳು ಇವುಗಳಲ್ಲಿ ದೋಷ ಎಲ್ಲಿದೆ ಎಂಬುದನ್ನು ಒಂದೊಂದಾಗಿ ಪರೀಕ್ಷಿಸಬೇಕು. ಸರಿಯಾಗಿದೆ ಎಂದು ಗೊತ್ತಿರುವ ಮತ್ತೊಂದು ಸರ್ವೋವನ್ನು ಅದೇ ಸ್ಥಾನಕ್ಕೆ ಜೋಡಿಸಿದಾಗ ಅದೂ ಅಲುಗದಿದ್ದರೆ ದೋಷವಿರುವುದು ಆಜ್ಞೆಯಲ್ಲಿ ಅಥವಾ ಶಕ್ತಿಯ ಪೂರೈಕೆಯಲ್ಲಿ. ಸರಳನ್ನು ಕಳಚಿದೊಡನೆ ಸರ್ವೋ ಸರಾಗವಾಗಿ ತಿರುಗಿದರೆ ಬಿಗಿತವಿರುವುದು ಗಾಲಿಯ ಜೋಡಣೆಯಲ್ಲಿ.

ಸರ್ವೋವಿನ ವರ್ತನೆಯೂ ದೋಷದ ಸುಳಿವನ್ನು ಕೊಡುತ್ತದೆ. ಮೋಟಾರಿನ ಸದ್ದು ಕೇಳಿದರೂ ದಂಡ ತಿರುಗದಿದ್ದರೆ ಹಲ್ಲುಚಕ್ರದ ಹಲ್ಲುಗಳು ಮುರಿದಿರಬಹುದು. ದಂಡವು ನಿಂತಲ್ಲಿ ನಿಲ್ಲದೆ ನಡುಗುತ್ತಿದ್ದರೆ ಪೊಟೆನ್ಷಿಯೋಮೀಟರಿನಲ್ಲಿ ಧೂಳು ಸೇರಿರಬಹುದು, ಇಲ್ಲವೇ ಅದು ಸವೆದಿರಬಹುದು. ದುರ್ಬಲವಾದ ಬ್ಯಾಟರಿಯೂ ಹೀಗೆ ಮಾಡಿಸುತ್ತದೆ. ಪೊಟೆನ್ಷಿಯೋಮೀಟರಿನ ತಂತಿ ಕಡಿದುಹೋದರೆ ಸ್ಥಿತಿಯ ಸುದ್ದಿ ನಿಂತುಹೋಗಿ, ದಂಡವು ಒಂದೇ ಬದಿಗೆ ಓಡಿ ಅಲ್ಲಿಯೇ ಒತ್ತಿಕೊಂಡಿರುತ್ತದೆ. ಗಾಲಿಗಳು ಹೊರಳಬಲ್ಲ ಮಿತಿಯನ್ನು ಮೀರಿ ಆಜ್ಞೆ ಬಂದರೆ ವ್ಯತ್ಯಾಸ ಎಂದಿಗೂ ಅಳಿಯದು. ಆಗ ಮೋಟಾರು ಗುಂಯ್‌ಗುಡುತ್ತ ಬಿಸಿಯೇರಿ ಕೊನೆಗೆ ಸುಟ್ಟುಹೋಗಬಹುದು. ಸರಳಿನ ಅಳತೆಯನ್ನಾಗಲಿ ಆಜ್ಞೆಯ ಮಿತಿಯನ್ನಾಗಲಿ ಸರಿಪಡಿಸುವುದೇ ಇದಕ್ಕೆ ಪರಿಹಾರ. ಪರೀಕ್ಷಿಸುವಾಗ ಕಾರನ್ನು ಎತ್ತಿ ಗಾಲಿಗಳು ನೆಲಕ್ಕೆ ತಾಗದಂತೆ ಇರಿಸಬೇಕು. ಸರ್ವೋವನ್ನು ಬಿಚ್ಚುವ ಮೊದಲು ಬ್ಯಾಟರಿಯನ್ನು ಕಳಚಬೇಕು.

ಸರ್ವೋವಿನಲ್ಲಿ ಮಾರ್ಪಾಡುಗಳನ್ನೂ ಮಾಡಬಹುದು. ಪ್ಲಾಸ್ಟಿಕ್ ಹಲ್ಲುಚಕ್ರಗಳಿಗೆ ಬದಲಾಗಿ ಲೋಹದವನ್ನು ಹಾಕಿದರೆ ಬಾಳಿಕೆ ಹೆಚ್ಚುತ್ತದೆ. ದಂಡಕ್ಕೆ ಸಿಕ್ಕಿಸಿದ ತೋಳನ್ನು ಉದ್ದಗೊಳಿಸಿದರೆ ಸರಳು ಹೆಚ್ಚು ದೂರ ಚಲಿಸುತ್ತದೆ. ಆದರೆ 1 ಸೆಂಟಿಮೀಟರ್ ತೋಳಿನ ತುದಿಯಲ್ಲಿ 3 ಕಿಲೋಗ್ರಾಂ ಭಾರವನ್ನು ಎಳೆಯಬಲ್ಲ ಸರ್ವೋ, 2 ಸೆಂಟಿಮೀಟರ್ ತೋಳಿನ ತುದಿಯಲ್ಲಿ 1.5 ಕಿಲೋಗ್ರಾಂ ಭಾರವನ್ನು ಮಾತ್ರ ಎಳೆಯುತ್ತದೆ. ದೂರದ ಲಾಭಕ್ಕೆ ಬಲದ ನಷ್ಟವೇ ಬೆಲೆ.

ಇನ್ನೊಂದು ಪ್ರಸಿದ್ಧ ಮಾರ್ಪಾಡು ಸರ್ವೋವನ್ನು ನಿರಂತರವಾಗಿ ಸುತ್ತುವಂತೆ ಮಾಡುವುದು. ಇದಕ್ಕಾಗಿ ದಂಡವನ್ನು ತಡೆಯುವ ಒಳಗಿನ ಮೊಳೆಯನ್ನು ತೆಗೆದು, ಪೊಟೆನ್ಷಿಯೋಮೀಟರಿನ ಸ್ಥಾನದಲ್ಲಿ ಸಮಾನ ಮೌಲ್ಯದ ಎರಡು ರೋಧಕಗಳನ್ನು ಬೆಸೆಯುತ್ತಾರೆ. ಆಗ ವಿದ್ಯುನ್ಮಂಡಲಕ್ಕೆ ದಂಡವು ಸದಾ ನಡುವಿನಲ್ಲಿಯೇ ಇರುವಂತೆ ತೋರುತ್ತದೆ. 1.5 ಮಿಲಿಸೆಕೆಂಡಿನ ಸ್ಪಂದಕ್ಕೆ ಅದು ನಿಲ್ಲುತ್ತದೆ. ಉಳಿದ ಸ್ಪಂದಗಳಿಗೆ ಈ ಕಡೆಗೋ ಆ ಕಡೆಗೋ ಎಡೆಬಿಡದೆ ಸುತ್ತುತ್ತದೆ. ಪುಟ್ಟ ರೋಬಾಟುಗಳ ಗಾಲಿಗಳನ್ನು ಉರುಳಿಸಲು ಇದು ಅನುಕೂಲ. ಆದರೆ ತಾನು ಎಲ್ಲಿದ್ದೇನೆ ಎಂಬ ಅರಿವನ್ನು ಸರ್ವೋ ಕಳೆದುಕೊಂಡಿರುತ್ತದೆ. ಕಾರಿನ ದಿಕ್ಕನ್ನು ಬದಲಿಸುವ ಕೆಲಸಕ್ಕೆ ಅದು ಇನ್ನು ಒದಗದು. ಹಾಗೆ ಬಳಸಿದರೆ ಗಾಲಿಗಳು ಹೇಳಿದಲ್ಲಿ ನಿಲ್ಲದೆ ಕಾರು ಅಂಕೆ ತಪ್ಪುತ್ತದೆ.

ಆಟಿಕೆಯ ಕಾರು ಅಂಕೆ ತಪ್ಪಿದರೆ ಗೋಡೆಗೆ ಬಡಿದು ನಿಲ್ಲಬಹುದು. ಆದರೆ ಹಡಗಿನ ಚುಕ್ಕಾಣಿ, ವಿಮಾನದ ರೆಕ್ಕೆಯ ಫಲಕ, ಕಾರ್ಖಾನೆಯ ಯಂತ್ರದ ತೋಳು ಇವೆಲ್ಲವೂ ಇದೇ ತತ್ತ್ವವನ್ನು ನಂಬಿ ನಡೆಯುತ್ತವೆ. ಅಲ್ಲಿ ಜನರ ಪ್ರಾಣವೇ ಅದನ್ನು ಅವಲಂಬಿಸಿದೆ. ಆದುದರಿಂದ ಯಂತ್ರವನ್ನು ಮಾರ್ಪಡಿಸುವವನು ಅದರಿಂದ ದೊರೆಯುವುದೇನು ಎಂಬುದರ ಜೊತೆಗೆ ಕಳೆದುಹೋಗುವುದೇನು ಎಂಬುದನ್ನೂ ಮೊದಲೇ ತಿಳಿದಿರಬೇಕು. ಈ ಎಚ್ಚರವನ್ನು ಕಲಿಯಲು ಪುಟ್ಟ ಸರ್ವೋ ಒಳ್ಳೆಯ ಸಾಧನ.