ಗಡಿಯ ದಾರಿಯಲ್ಲಿ ನಡೆದ ಕರ್ತನು

ಸತ್ಯಮಂಗಲದಿಂದ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನೇರಿ, ಹಾಸನೂರನ್ನು ದಾಟಿ ತಾಳವಾಡಿಯ ಬೆಟ್ಟಸೀಮೆಗೆ ಬರುವವರಿಗೆ ಮೊದಲು ಅಚ್ಚರಿಯನ್ನುಂಟುಮಾಡುವುದು ಇಲ್ಲಿಯ ನುಡಿ. ಫಲಕಗಳು ತಮಿಳಿನವು, ಮನೆಯ ಮಾತು ಕನ್ನಡದ್ದು. ಕಚೇರಿಯ ಕೆಲಸಕ್ಕೆ ಈರೋಡು. ನೆಂಟಸ್ತಿಕೆಗೆ ಚಾಮರಾಜನಗರವೇ ಹತ್ತಿರ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಗೊಂಡಾಗ ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಗಡಿಯೆಂಬುದು ನಮಗೆ ಭೂಪಟದ ಮೇಲಿನ ಗೆರೆ ಮಾತ್ರವಲ್ಲ. ದಿನದಿನದ ಬಾಳಿನ ಸಂಗತಿ.

ಆದುದರಿಂದಲೇ ಸತ್ಯವೇದದಲ್ಲಿ ಗಡಿಯ ಮಾತು ಬಂದಾಗ ನಾವು ನಿಂತು ಓದುತ್ತೇವೆ. ಅಂಥ ಮೂರು ವಾಕ್ಯಭಾಗಗಳನ್ನು ಇಲ್ಲಿ ಧ್ಯಾನಿಸೋಣ.

ಮೊದಲನೆಯದು ಲೂಕನ ಸುವಾರ್ತೆಯ 17ನೆಯ ಅಧ್ಯಾಯದ 11ರಿಂದ 19ರವರೆಗಿನ ವಚನಗಳು. ಯೆರೂಸಲೇಮಿನತ್ತ ಹೊರಟ ಯೇಸುಸ್ವಾಮಿಯು ಸಮಾರ್ಯ, ಗಲಿಲಾಯಗಳ ಗಡಿಯ ಸೀಮೆಯಲ್ಲಿ ನಡೆದುಹೋಗುತ್ತಿದ್ದನು. ಅಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲಿ ನಿಂತು ಆತನನ್ನು ಕೂಗಿದರು. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯಿರಲಿಲ್ಲ. ಆದರೆ ಊರ ಹೊರಗೆ ತಳ್ಳಲ್ಪಟ್ಟವರಿಗೆ ಯಾವ ಗಡಿ? ಸಂಕಟವು ಅವರನ್ನು ಒಂದು ಗುಂಪಾಗಿ ಮಾಡಿತ್ತು. ವಾಸಿಯಾದ ಮೇಲೆ ಹಿಂದಿರುಗಿ ಬಂದು ಕೃತಜ್ಞತೆಯಿಂದ ಅಡ್ಡಬಿದ್ದವನು ಒಬ್ಬನೇ, ಅವನು ಸಮಾರ್ಯದವನು.

2020ರಲ್ಲಿ ಕೋವಿಡ್ ಹರಡಿ ರಾಜ್ಯಗಳ ನಡುವಣ ಓಡಾಟವು ನಿಂತುಹೋದ ದಿನಗಳನ್ನು ನೆನೆಯೋಣ. ಆಗ ನಾವೆಲ್ಲರೂ ದೂರದಲ್ಲಿ ನಿಂತು ಕೂಗಿದವರೇ. ಬಾಗಿಲ ಬಳಿ ತರಕಾರಿಯಿಟ್ಟು ಹೋದವನ ಭಾಷೆ ಯಾವುದು, ಜಾತಿ ಯಾವುದು ಎಂದು ಅಂದು ಯಾರು ಕೇಳಿದರು? ರೋಗವು ಇಳಿಯಿತು, ಕೂಡಲೇ ನಮ್ಮ ನಮ್ಮ ಗೆರೆಗಳು ಮತ್ತೆ ಎದ್ದವು. ಒಂಬತ್ತು ಮಂದಿ ಮಾಡಿದ್ದೂ ಇದನ್ನೇ ಅಲ್ಲವೇ? ಉಪಕಾರ ಮಾಡಿದವರ ಮನೆಯ ತನಕ ಹಿಂದಿರುಗಿ ಹೋಗಿ ಒಂದು ಒಳ್ಳೆಯ ಮಾತನ್ನಾಡುವುದು ಈ ವಾಕ್ಯವು ನಮಗೆ ಕಲಿಸುವ ಮೊದಲ ಪಾಠ.

ಎರಡನೆಯದು ಹೊಲದ ಮೇರೆಯ ಮಾತು. ನೆರೆಯವನ ಎಲ್ಲೆಕಲ್ಲನ್ನು ಕದಲಿಸಬಾರದೆಂದು ಧರ್ಮೋಪದೇಶಕಾಂಡದ 19ನೆಯ ಅಧ್ಯಾಯದ 14ನೆಯ ವಚನವು ಆಜ್ಞಾಪಿಸುತ್ತದೆ. ಕಲ್ಲನ್ನು ಕಿತ್ತಿಡುವವರು ವಿರಳ. ವರ್ಷಕ್ಕೊಂದು ಗೇಣು ಒತ್ತಿ ಉಳುವವರು ಹೆಚ್ಚು. ಅಂಥ ಕೈಗೆ ಪ್ರಾರ್ಥನೆಯಲ್ಲಿ ಜೋಡಿಸಲು ಏನು ಉಳಿಯುತ್ತದೆ? 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದ ಕಾಡು ನಮ್ಮ ಹೊಲಗಳಿಗೆ ತಾಗಿಕೊಂಡಿದೆ. ಹಗಲಿನಲ್ಲಿ ಒಂದು ಸಾಲಿನ ಭೂಮಿಗಾಗಿ ಜಗಳವಾಡಿದ ಇಬ್ಬರು, ಇರುಳಿನಲ್ಲಿ ರಾಗಿಯ ಹೊಲಕ್ಕೆ ಆನೆ ಬಂದಾಗ ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಾರೆ. ಆನೆಗೆ ಯಾರ ಎಲ್ಲೆಕಲ್ಲೂ ತಿಳಿಯದು.

ಆದರೆ ಮೇರೆ ಬೇರೆ, ಅಡ್ಡಗೋಡೆ ಬೇರೆ. ಯೆರೂಸಲೇಮಿನ ದೇವಾಲಯದಲ್ಲಿ ಅನ್ಯಜನರು ದಾಟಬಾರದೆಂಬ ಒಂದು ತಡೆಗೋಡೆಯಿತ್ತು. ದಾಟಿದವನಿಗೆ ಮರಣವೇ ಗತಿಯೆಂದು ಗ್ರೀಕ್ ಭಾಷೆಯಲ್ಲಿ ಕೆತ್ತಿದ ಅದರ ಎಚ್ಚರಿಕೆಯ ಕಲ್ಲೊಂದು 1871ರಲ್ಲಿ ದೊರಕಿತು. ಬೇರೆಬೇರೆಯಾಗಿದ್ದ ಎರಡು ಜನಾಂಗಗಳ ನಡುವಣ ಗೋಡೆಯನ್ನು ಕ್ರಿಸ್ತನು ಕೆಡವಿದನೆಂದು ಎಫೆಸದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯವು ಸಾರುತ್ತದೆ. ಹೊಲದ ಕಲ್ಲು ಇದ್ದಲ್ಲಿಯೇ ಇರಲಿ, ಏಕೆಂದರೆ ಅದು ನೆರೆಯವನ ಹಕ್ಕು. ಮನಸ್ಸಿನ ಗೋಡೆ ಬೀಳಲಿ, ಏಕೆಂದರೆ ಅದು ನಮ್ಮ ಪಾಪ. ನಾವು ಅನೇಕ ವೇಳೆ ಕಲ್ಲನ್ನು ಸರಿಸಿ ಗೋಡೆಯನ್ನು ಉಳಿಸಿಕೊಳ್ಳುತ್ತೇವೆ.

ಮೂರನೆಯದು ನಾಲಿಗೆಯ ಗುರುತು. ಮಹಾಯಾಜಕನ ಅಂಗಳದಲ್ಲಿ ಪೇತ್ರನು ಗಲಿಲಾಯದವನೆಂದು ಅವನ ಮಾತಿನ ರೀತಿಯೇ ಹೇಳಿಕೊಟ್ಟಿತು (ಮತ್ತಾಯ 26:73). ನಮ್ಮ ಮಕ್ಕಳಿಗೂ ಇದರ ಅನುಭವವುಂಟು. ಘಟ್ಟದ ಕೆಳಗೆ ಹೋದರೆ ಕನ್ನಡದವರೆಂದೂ, ಗಡಿಯಾಚೆ ಹೋದರೆ ತಮಿಳಿನವರೆಂದೂ ಅನ್ನಿಸಿಕೊಳ್ಳುತ್ತಾರೆ. 2006ರ ಕಾಯಿದೆಯು ತಮಿಳುನಾಡಿನ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ಅಜ್ಜಿಯ ಕೈಯಲ್ಲಿರುವ ಕನ್ನಡ ಸತ್ಯವೇದವನ್ನು ಓದಲಾರದ ಮೊಮ್ಮಕ್ಕಳು ಈಗ ಗಡಿನಾಡಿನ ಮನೆಗಳಲ್ಲಿ ಬೆಳೆಯುತ್ತಿದ್ದಾರೆ. ಇದು ಸಣ್ಣ ನಷ್ಟವಲ್ಲ. ಪ್ರಾರ್ಥನೆಯ ಮಾತು ಹೃದಯಕ್ಕೆ ಇಳಿಯುವುದು ತಾಯಿನುಡಿಯ ದಾರಿಯಿಂದ.

ಆದರೂ ಮಗುವನ್ನು ಗದರಿಸುವುದರಿಂದ ಫಲವಿಲ್ಲ. ಚೀಗನ್‌ಬಾಲ್ಗನು ತರಂಗಂಬಾಡಿಯಲ್ಲಿ 1715ರ ವೇಳೆಗೆ ತಮಿಳು ಹೊಸ ಒಡಂಬಡಿಕೆಯನ್ನು ಅಚ್ಚುಮಾಡಿಸಿದನು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸನು ವರ್ಷಗಟ್ಟಲೆ ದುಡಿದು, 1831ರಲ್ಲಿ ಇಡೀ ಸತ್ಯವೇದವು ಕನ್ನಡದಲ್ಲಿ ದೊರಕುವಂತಾಯಿತು. ಇಬ್ಬರೂ ಪರಭಾಷೆಯವರು, ಜನರ ನುಡಿಯಲ್ಲಿಯೇ ವಾಕ್ಯವು ಕೇಳಿಬರಲಿ ಎಂದು ಆ ನುಡಿಯನ್ನು ಕಲಿಯುವಷ್ಟು ತಗ್ಗಿದವರು. ಪಂಚಾಶತ್ತಮ ದಿನದಲ್ಲಿಯೂ ದೇವರು ಜನರ ಭಾಷೆಗಳನ್ನು ಒಂದುಮಾಡಲಿಲ್ಲ. ಅವರವರ ಭಾಷೆಯಲ್ಲಿಯೇ ಕೇಳಿಸಿದನು.

ಆದುದರಿಂದ ಪ್ರಿಯ ವಾಚಕರೇ, ಸಂಜೆಯ ಕುಟುಂಬ ಪ್ರಾರ್ಥನೆಗೆ ಒಂದೇ ವಚನವನ್ನು ಆರಿಸಿಕೊಳ್ಳಿರಿ. ಹಿರಿಯರು ಅದನ್ನು ಕನ್ನಡದಲ್ಲಿ ಓದಲಿ. ಮಗುವು ತಾನು ಬಲ್ಲ ಲಿಪಿಯಲ್ಲಿ ಓದಲಿ. ಬಳಿಕ ಕನ್ನಡದ ವಚನವನ್ನು ಹಿರಿಯರ ಹಿಂದೆ ಹೇಳಲಿ. ವಾರಕ್ಕೊಂದು ಸಾಲನ್ನು ಕನ್ನಡ ಅಕ್ಷರಗಳಲ್ಲಿ ಬರೆಯಲಿ. ಮರುದಿನ ಆ ವಚನದಂತೆ ಯಾವ ಕೆಲಸ ಮಾಡಿದೆವೆಂದು ಊಟದ ವೇಳೆಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಳ್ಳೋಣ. ಹಿಂದಿರುಗಿ ಹೋಗಿ ವಂದಿಸಿದೆವೇ? ಒತ್ತಿ ಉತ್ತ ಗೇಣು ನೆಲವನ್ನು ಬಿಟ್ಟುಕೊಟ್ಟೆವೇ?

ಕರ್ತನು ಗಡಿಯನ್ನು ಬಳಸಿ ಹೋಗಲಿಲ್ಲ, ಅದರ ದಾರಿಯಲ್ಲಿಯೇ ನಡೆದನು. ನಮ್ಮ ಬೆಟ್ಟದ ದಾರಿಯೂ ಅಂಥದೇ.